ಓದಿ ಎದ್ದು ಹೋಗುವ ಕವಿಗಳೂ ನಮ್ಮ ಓಣಿಯ ಗೋಷ್ಠಿಯೂ

ನಾನೇನು ಕವಿ ಅಲ್ಲ. ಬೆಟಗೇರಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಆದರೂ ಆರು ವರ್ಷದಿಂದ ತಿಂಗಳಿಗೊಮ್ಮೆ ನಮ್ಮ ಓಣಿಯಲ್ಲಿ ಕವಿಗೋಷ್ಠಿ ನಡೆಸುತ್ತಿದ್ದೇನೆ. ಮೊದಲನೆಯದು ಪೂರಾ ಕೆಟ್ಟಿತ್ತು.

ಅದು ಯುಗಾದಿ ಗೋಷ್ಠಿ. ಶಾಮಿಯಾನ, ಮೈಕು, ಬ್ಯಾನರ್ ಎಲ್ಲ ಇತ್ತು. ಆಹ್ವಾನ ಪತ್ರಿಕೆಯಲ್ಲಿ 24 ಕವಿಗಳ ಹೆಸರು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಅಂತ ಒಂದೂವರೆ ತಾಸು ಹೋಯಿತು. ಆಮೇಲೆ ಒಬ್ಬೊಬ್ಬರೇ ಬಂದು ಓದಿ, ಶಾಲು ಹೊದ್ದು, ಫೋಟೋ ತೆಗೆಸಿಕೊಂಡು ಹೊರಟರು. 'ಇನ್ನೊಂದು ಸಣ್ಣದು' ಅಂತ ಎರಡನೆಯದನ್ನೂ ಓದಿದವರೇ ಜಾಸ್ತಿ. ಕೊನೆಯ ಸರದಿ ಪಿಯುಸಿ ಓದುವ ಹುಡುಗಿಯದು. ಕೇಳಲು ಉಳಿದವರು ನಾನು, ಅವಳ ಅಪ್ಪ, ಮೈಕಿನವನು. ಅವನೂ ಆಗಲೇ ವೈರು ಸುತ್ತುತ್ತಿದ್ದ.

ರಾತ್ರಿ ನಿದ್ದೆ ಬರಲಿಲ್ಲ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಗದಗಿನ ವೀರನಾರಾಯಣನ ಗುಡಿಯಲ್ಲಿ ಇವತ್ತಿಗೂ ಒಂದು ಕಂಬ ತೋರಿಸುತ್ತಾರೆ. ಆ ಗುಡಿ ಪಕ್ಕದಲ್ಲೇ ಇಟ್ಟುಕೊಂಡ ನಮ್ಮೂರಲ್ಲಿ ಕೇಳುವವರೇ ಇಲ್ಲ ಅಂದರೆ ಹೇಗೆ?

ಮುಂದಿನ ಸಲ ಶಾಮಿಯಾನ, ಶಾಲು ಎರಡೂ ಬಿಟ್ಟೆ. ನೇಕಾರರೊಬ್ಬರ ಮನೆಯ ಪಡಸಾಲೆ ಕೇಳಿದೆ. ಮಗ್ಗದ ಪಕ್ಕ ಚಾಪೆ ಹಾಸಿದರು. ಷರತ್ತು ಒಂದೇ: ನಿಮ್ಮ ಕವಿತೆ ಓದುವ ಮೊದಲು ಬೇರೆಯವರದೊಂದು, ನೋಡದೆ ಹೇಳಬೇಕು. ಪದ್ಯ, ವಚನ, ಸೋಬಾನೆ ಏನಾದರೂ ಸರಿ. ಬಂದದ್ದು ಏಳು ಜನ. ಕೆಲವರಿಗೆ ಸಿಟ್ಟೂ ಬಂತು, 'ನಾವೇನು ಸಾಲಿ ಹುಡುಗರಾ?' ಅಂದರು.

ಅವತ್ತು ನನ್ನ ಪಾಲಿಗೆ ಕುಮಾರವ್ಯಾಸನ ಪದ್ಯ. 'ತಿಳಿಯ ಹೇಳುವೆ ಕೃಷ್ಣಕಥೆಯನು' ಅಂದೆ. ಮನೆಯ ಯಜಮಾನರು ತೊಡೆಯ ಮೇಲೆ ಕೈ ತಟ್ಟತೊಡಗಿದರು. ನಾನು ನಿಲ್ಲಿಸಿ ಬಿಡಿಸಿ ಹೇಳಿದೆ: ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ. ತಿಳಿಯ ಅಂದರೆ ಮೂರು ಮಾತ್ರೆ, ಹೇಳುವೆ ನಾಲ್ಕು, ಕೃಷ್ಣ ಮೂರು, ಕಥೆಯನು ನಾಲ್ಕು. ತಕಿಟ ತಕದಿಮಿ, ತಕಿಟ ತಕದಿಮಿ. ಆರು ಸಾಲಿನ ಭಾಮಿನಿ ಷಟ್ಪದಿಯ ನಡಿಗೆಯೇ ಅದು. ಮೂರನೆಯ, ಆರನೆಯ ಸಾಲು ಮಾತ್ರ ಉದ್ದ. ಅದೇ ನಡೆ ಮೂರು ಸಲ ಬಂದು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಕೂತು ನಿಲ್ಲುತ್ತದೆ. ಮೂವತ್ತು ವರ್ಷ ಕರಿಹಲಗೆ ಮೇಲೆ ಲಘು ಗುರು ಗೀಚಿ ಕಲಿಸಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಇಲ್ಲಿ ಎರಡು ನಿಮಿಷಕ್ಕೆ ಏಳೂ ಜನರ ಕೈ ತಟ್ಟುತ್ತಿತ್ತು.

'ಸರ್ರ, ಇದು ನಮ್ಮ ಲಾಳಿ ಓಡ್ಯಾಡಿದಂಗ ಐತ್ರೀ' ಅಂದರು ಯಜಮಾನರು. ನಿಜ ಹೇಳಬೇಕೆಂದರೆ ಮಗ್ಗದ ಸಪ್ಪಳಕ್ಕೂ ಏಳು ಮಾತ್ರೆಗೂ ಲೆಕ್ಕ ಕೂಡುವುದಿಲ್ಲ. ಸುಮ್ನೆ 'ಹೌದ್ರೀ' ಅಂದೆ.

ಒಳಗಿನಿಂದ ಅವರ ತಾಯಿ ಬಂದು ಬಾಗಿಲಿಗೆ ಒರಗಿ ಕೂತರು. ಒತ್ತಾಯ ಮಾಡಿದ ಮೇಲೆ ಬೀಸುವ ಪದ ಶುರು ಮಾಡಿದರು. ನಾಲ್ಕನೆಯ ನುಡಿ ಮರೆಯಿತು. 'ಕೈಯಾಗ ಬೀಸೋಕಲ್ಲಿನ ಗೂಟ ಇದ್ರ ನೆನಪಾಗತಿತ್ತಪಾ' ಅಂದರು. ಕವಿಗಳು ತಮ್ಮ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತು ಸ್ವಂತ ಕವಿತೆ ಓದಿದ್ದು ಇಬ್ಬರೇ.

ಷರತ್ತಿನಿಂದ ಇನ್ನೊಂದು ಲಾಭ ಆಯಿತು. ಬೇರೆಯವರದನ್ನು ಬಾಯಿಪಾಠ ಮಾಡಿದವರಿಗೆ ತಮ್ಮ ಸಾಲು ಎಲ್ಲಿ ಎಡವುತ್ತದೆ ಅಂತ ತಾವೇ ಗೊತ್ತಾಗತೊಡಗಿತು. ನಾನು ತಿದ್ದಲು ಹೋಗುವುದಿಲ್ಲ, ಹೋದರೆ ಜಗಳ. 'ಹಲಗೆ ಬಳಪ ಹಿಡಿಯದೆ, ಇಟ್ಟ ಪದ ಅಳಿಸದೆ ಬರೆದೆ' ಅಂತ ಹೆಮ್ಮೆಪಟ್ಟವನು ಕುಮಾರವ್ಯಾಸ ಒಬ್ಬನೇ. ನಮ್ಮವರು ಓದುತ್ತಲೇ ಮೊಬೈಲಿನಲ್ಲಿ ಸಾಲು ಬದಲಿಸುತ್ತಾರೆ!

ಖರ್ಚು ಅಂದರೆ ಚಹಾ, ಗಿರಮಿಟ್ಟು, ಮಿರ್ಚಿ. ಮಿರ್ಚಿ ಕೊನೆಗೇ ಕೊಡಬೇಕು, ಇದನ್ನು ಮರೆಯಬೇಡಿ. ಒಮ್ಮೆ ನಡುವೆ ಕೊಟ್ಟು, ಅರ್ಧ ಜನರನ್ನು ಕಳೆದುಕೊಂಡಿದ್ದೇನೆ.

ಆ ಹುಡುಗಿ ಈಗ ಡಿಗ್ರಿ ಮುಗಿಸಿದ್ದಾಳೆ. ಪ್ರತಿ ತಿಂಗಳು ಬರುತ್ತಾಳೆ. ಮೊದಲ ಸರದಿ ಅವಳದೇ.