ಕ್ಯಾನ್ಸರ್ ಲಸಿಕೆಯ ಪ್ರಯೋಗಕ್ಕೆ ಸೇರುವ ಮುನ್ನ ತಯಾರಿ ಹೇಗೆ?

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವ ರೋಗಿಗಳ ಜೊತೆ ಓಡಾಡುವಾಗ ನಾನು ಮತ್ತೆ ಮತ್ತೆ ಕಂಡ ತಪ್ಪು ಒಂದೇ: ಕೈಯಲ್ಲಿ ದಪ್ಪ ಫೈಲು ಇರುತ್ತದೆ, ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಇರುವುದಿಲ್ಲ.

ಮೊದಲು ಮಾತು ಸ್ಪಷ್ಟವಾಗಲಿ. ಗೆಡ್ಡೆಯೊಳಗೆ ಕಿಮೋಗೂ ಜಗ್ಗದೆ ಉಳಿದು ರೋಗವನ್ನು ಮತ್ತೆ ಚಿಗುರಿಸಬಲ್ಲ ಕೆಲವೇ ಕೋಶಗಳಿಗೆ ಕ್ಯಾನ್ಸರ್ ಕಾಂಡಕೋಶಗಳು (ಸ್ಟೆಮ್ ಸೆಲ್) ಎನ್ನುತ್ತಾರೆ. ಸ್ತನದ ಕ್ಯಾನ್ಸರಿನಲ್ಲಿ ಇವುಗಳನ್ನು 2003ರಲ್ಲಿ ಗುರುತಿಸಲಾಯಿತು. ರೋಗಿಯ ರಕ್ತದಿಂದಲೇ ಬೆಳೆಸಿದ ಡೆಂಡ್ರಿಟಿಕ್ ಕೋಶಗಳಿಗೆ (ಶತ್ರುವಿನ ಗುರುತನ್ನು ಇತರ ರಕ್ಷಣಾ ಕೋಶಗಳಿಗೆ ತೋರಿಸಿಕೊಡುವಂಥವು) ಇವುಗಳ ಗುರುತನ್ನು ಪರಿಚಯಿಸಿ ದೇಹಕ್ಕೆ ಮರಳಿಸಿದರೆ, ಅವು ದೇಹದ ರಕ್ಷಣೆಗೆ ಹೋರಾಡುವ ಟಿ ಕೋಶಗಳನ್ನು ಕ್ಯಾನ್ಸರಿನ ಮೇಲೆರಗಲು ಪಳಗಿಸುತ್ತವೆ. ಇದೇ ಇಲ್ಲಿ ಹೇಳುವ ಲಸಿಕೆ. ಆದರೆ ಗೆಡ್ಡೆಯು ಪಿಡಿ-ಎಲ್1 ಎಂಬ ಪ್ರೋಟೀನಿನಿಂದ ಟಿ ಕೋಶಗಳನ್ನು ತಡೆಹಿಡಿಯುವುದುಂಟು. ಆ ತಡೆಯನ್ನು ತೆಗೆಯುವ ಪೆಂಬ್ರೊಲಿಜುಮಾಬ್‌ನಂತಹ ಮದ್ದನ್ನು ಲಸಿಕೆಯೊಂದಿಗೆ ಕೊಟ್ಟು ನೋಡುವ ಯತ್ನ ಇದೇ ಕಾರಣಕ್ಕೆ. ಕಾಂಡಕೋಶಗಳನ್ನೇ ಗುರಿಯಾಗಿಸಿದ ಈ ಲಸಿಕೆಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ನಡೆಯುತ್ತಿರುವ ಚಿಕಿತ್ಸೆಯನ್ನು ಇವುಗಳ ಆಸೆಗೆ ನಿಲ್ಲಿಸಲೇಬಾರದು. ‘ಸ್ಟೆಮ್ ಸೆಲ್ ಇಂಜೆಕ್ಷನ್’ ಎಂದು ಕ್ಯಾನ್ಸರಿಗೆ ಮಾರುವ ಸರಕು ಇದಲ್ಲ, ಅದರ ಹತ್ತಿರವೂ ಸುಳಿಯಬೇಡಿ.

ಎರಡನೆಯದಾಗಿ, ಪ್ರಯೋಗದ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಸರಕಾರಿ ಪಟ್ಟಿ) ನೋಂದಣಿ ಸಂಖ್ಯೆಯನ್ನು ಕೇಳಿ. ಅದನ್ನು ಕೊಡದವರೊಡನೆ ಮಾತು ಮುಂದುವರಿಸಬೇಡಿ.

ಮೂರನೆಯದೇ ಕಷ್ಟದ ಹಂತ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಪೆಥಾಲಜಿ ಲ್ಯಾಬಿನವರು ಮೇಣದಲ್ಲಿ ಹುದುಗಿಸಿಡುತ್ತಾರೆ. ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ನಡುವೆ ಅಡಿಕೆಯ ಚೂರಿನಂತಹ ಮಾಸಲು ತುಣುಕು: ಇದೇ ಬ್ಲಾಕ್. ಪಿಡಿ-ಎಲ್1 ಪರೀಕ್ಷೆಗೆ ಇದರಿಂದಲೇ ತೆಳುವಾದ ಪದರ ಕೊಯ್ಯಬೇಕು. ವರದಿಯ ಜೆರಾಕ್ಸಿನಿಂದ ಆ ಕೆಲಸವಾಗದು. ಲ್ಯಾಬಿಗೆ ಲಿಖಿತ ಅರ್ಜಿ, ವರದಿಯ ಪ್ರತಿ ಮತ್ತು ಗುರುತಿನ ಚೀಟಿ ಕೊಂಡೊಯ್ಯಿರಿ. ಚೌಕಟ್ಟಿನ ಅಂಚಿನಲ್ಲಿರುವ ಸಂಖ್ಯೆಯನ್ನು ವರದಿಯ ಸಂಖ್ಯೆಯೊಂದಿಗೆ ಅಲ್ಲಿಯೇ ನಿಂತು ತಾಳೆ ನೋಡಿ. ಹಲವು ಬ್ಲಾಕ್‌ಗಳಿದ್ದರೆ ಗೆಡ್ಡೆಯ ಭಾಗ ಹೆಚ್ಚಿರುವುದು ಯಾವುದೆಂದು ಪೆಥಾಲಜಿ ವೈದ್ಯರಿಂದಲೇ ಬರೆಸಿಕೊಳ್ಳಿ. ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ. ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗುತ್ತದೆ. ಕೊಟ್ಟಲ್ಲೆಲ್ಲ ರಸೀದಿ ಪಡೆಯಿರಿ, ಪರೀಕ್ಷೆ ಮುಗಿದ ಮೇಲೆ ಮರಳಿ ಕೇಳಿ.

ಕೊನೆಯದಾಗಿ ಒಪ್ಪಿಗೆ ಪತ್ರ. ಅದು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ನಿಯಮ. ನಮ್ಮಲ್ಲಿ ಮಲಯಾಳ ಮಾತಾಡಬಲ್ಲ ಹಿರಿಯರಲ್ಲಿ ಅನೇಕರಿಗೆ ಅದನ್ನು ಓದಲು ಬಾರದು. ಆದ್ದರಿಂದ ಸಂಕೋಚವಿಲ್ಲದೆ ಕನ್ನಡದ ಪ್ರತಿಯನ್ನೇ ಕೇಳಿ, ಮನೆಗೆ ತಂದು ಓದಿಸಿ, ಆಮೇಲೆ ಸಹಿ ಹಾಕಿ. ಸಹಿಯಾದ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ.