ಪುಣೆಯಲ್ಲಿ ಕೂತು ರೈಫಲ್ ಆರಿಸಿದ್ದು

ರೈಫಲ್ ಶೂಟಿಂಗ್ ಮಾಡ್ತೀನಿ ಅಂದ ಕೂಡಲೇ ಎದುರಿನವರು ಕೇಳುವುದು "ಎಷ್ಟು ದೂರ ಹೊಡೆಯುತ್ತೆ?" ಅಂತ. ನಮ್ಮ ಸೋಮವಾರಪೇಟೆ ಕಡೆಯವರಾದರೆ ಅದರ ಬೆನ್ನಿಗೇ "ಹಂದಿ ಬೀಳುತ್ತಾ?" ಅಂತಲೂ ಕೇಳುತ್ತಾರೆ. ಸೋದರಮಾವನಂತೂ ಪ್ರತಿ ಸಲ ಫೋನ್ ಮಾಡಿದಾಗಲೂ ಒಂದೇ ರಾಗ: "ಅಷ್ಟು ದುಡ್ಡು ಸುರಿಯುವವಳು ಎರಡಕ್ಕೂ ಆಗುವಂಥ ಒಂದು ಕೋವಿ ತಗೊಳ್ಳಬಾರದಾ ಮಗಳೇ?"

ಎರಡಕ್ಕೂ ಆಗುವ ಕೋವಿ ಇಲ್ಲ. ಇದ್ದರೂ ಎರಡಕ್ಕೂ ಅರೆಬರೆಯೇ.

ಬೇಟೆಯ ಮಾತನ್ನು ಮೊದಲೇ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಶಿಕಾರಿ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳಲು ಕೊಟ್ಟದ್ದೇ ಹೊರತು ಪ್ರಾಣಿ ಹೊಡೆಯಲು ಅಲ್ಲ. ದೊಡ್ಡ ಪ್ರಾಣಿಗಳ ಬೇಟೆಗೆ ಕಾನೂನು ಒಪ್ಪುವ ದೇಶಗಳಲ್ಲಿ ಜನ ಆರಿಸುವ ರೈಫಲ್ಲೇ ಬೇರೆ ಜಾತಿಯದು. ಅಮೆರಿಕದಲ್ಲಿ ದೊಡ್ಡ ಜಿಂಕೆಗಳಿಗೆ .308, .30-06 ಅಳತೆಯವು (ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ) ಸಾಮಾನ್ಯ. ಆಫ್ರಿಕಾದ ಅನೇಕ ಕಡೆ ಆನೆ, ಕಾಡೆಮ್ಮೆಗೆ .375ಕ್ಕಿಂತ ಚಿಕ್ಕದನ್ನು ಒಪ್ಪುವುದಿಲ್ಲ. ಅಂಥ ರೈಫಲ್ಲನ್ನು ದಿನವಿಡೀ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಬೇಕು, ಹಾಗಾಗಿ ತೂಕ ಮೂರು ಮೂರೂವರೆ ಕೆಜಿ, ನಳಿಗೆ ತೆಳು. ಬೇಟೆಗಾರನಿಗೆ ಬೇಕಾದದ್ದು ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಈಡು ಸರಿಯಾಗಿ ಬೀಳುವುದು. ಜಿಂಕೆಯ ಎದೆಗೂಡಿನಲ್ಲಿ ಒಂದು ಗೇಣಿನಷ್ಟು ಜಾಗದೊಳಗೆ ಬಿದ್ದರೆ ಸಾಕು. ಅದೇ ನಳಿಗೆಯಲ್ಲಿ ಬಿಡದೆ ಹತ್ತಾರು ಗುಂಡು ಹೊಡೆದರೆ ಕಾದು, ಗುರಿ ನಿಧಾನಕ್ಕೆ ಜರಗಲು ಶುರುವಾಗುತ್ತದೆ.

ನನ್ನ ಆಟ 50 ಮೀಟರ್ ಮೂರು ಭಂಗಿ. ಅದರಲ್ಲಿ ಒಂದು ಪಂದ್ಯಕ್ಕೆ 60 ಗುಂಡು. ಮಂಡಿಯೂರಿ 20, ಮಲಗಿ 20, ನಿಂತು 20. ಅರುವತ್ತನೆಯದೂ ಮೊದಲನೆಯದು ಹೋದಲ್ಲಿಗೇ ಹೋಗಬೇಕು. ಅದಕ್ಕೇ ನಮ್ಮ ನಳಿಗೆಗಳು ದಪ್ಪ. ರೈಫಲ್ ತೂಕಕ್ಕೆ ನಿಯಮದ ಮಿತಿಯಿದೆ, ನನ್ನದು ಆರು ಕೆಜಿಯ ಆಸುಪಾಸು. ಗುಂಡುಗಳೂ ಹಾಗೇ. ಬೇಟೆಯ ಗುಂಡಿನ ಮೂತಿ ಮೆತ್ತಗಿರುತ್ತದೆ, ಮಾಂಸ ಹೊಕ್ಕ ಮೇಲೆ ಅಣಬೆಯಂತೆ ಅರಳಲೆಂದು. ಗುರಿಯ ಗುಂಡಿಗೆ ಕಾಗದದಲ್ಲಿ ನೆಟ್ಟಗೆ ತೂತು ಮಾಡುವುದೊಂದೇ ಕೆಲಸ.

ಈಗ ದೂರದ ವಿಚಾರ. ಇದು ನನ್ನ ಇಷ್ಟದ ಲೆಕ್ಕ. 50 ಮೀಟರ್ ರೈಫಲ್ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. 300 ಮೀಟರ್ ಗುರಿಹಾಳೆಯಲ್ಲಿ ಅದೇ ಹತ್ತರ ವೃತ್ತ 100 ಮಿಲಿಮೀಟರ್. ದೂರ ಆರು ಪಟ್ಟು ಹೆಚ್ಚಿದರೆ ವೃತ್ತ ಹೆಚ್ಚುಕಡಿಮೆ ಹತ್ತು ಪಟ್ಟು ಹಿಗ್ಗುತ್ತದೆ. ಅಂದರೆ ಕಣ್ಣಿಗೆ ಕಾಣುವ ಕೋನದ ಲೆಕ್ಕದಲ್ಲಿ 50 ಮೀಟರಿನ ಹತ್ತೇ ಚಿಕ್ಕದು. ಗುಂಡಿನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ ಈ ವ್ಯತ್ಯಾಸ ಬಹಳಷ್ಟು ಕಡಿಮೆಯಾಗುತ್ತದೆ, ಆದರೆ ತಲೆಕೆಳಗಾಗುವುದಿಲ್ಲ. "ಬರೀ ಐವತ್ತು ಮೀಟರಾ?" ಅಂತ ಮೂಗು ಮುರಿಯುವವರಿಗೆ ನಾನು ಈ ಲೆಕ್ಕ ಒಪ್ಪಿಸಿ ಸುಮ್ಮನಾಗುತ್ತೇನೆ. 300 ಮೀಟರಿನಲ್ಲಿ ಗಾಳಿ ಓದುವುದು ಬೇರೆಯದೇ ವಿದ್ಯೆ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಆ ವಿದ್ಯೆ ಕಲಿಯಲು ಜಾಗ ಎಲ್ಲಿದೆ? ನಮ್ಮಲ್ಲಿ ಅಷ್ಟುದ್ದದ ರೇಂಜುಗಳು ಬಹುತೇಕ ಸೇನೆಯ, ಪೊಲೀಸರ ಕೈಯಲ್ಲಿವೆ. ಮೇಲಾಗಿ 7.62 ಮಿಮೀ, .303ರಂಥ ಸೈನ್ಯದ ಅಳತೆಗಳು ಸಾಮಾನ್ಯರಿಗೆ ನಿಷಿದ್ಧ. ಸರಕಾರಿ ಕಾರ್ಖಾನೆಯ .315 ಸಿಗುತ್ತದೆ. ಸೈನ್ಯದ .303 ಜನರ ಕೈಗೆ ಹೋಗಬಾರದೆಂದು ಬ್ರಿಟಿಷರ ಕಾಲದಲ್ಲಿ ಚಾಲ್ತಿಗೆ ಬಂದ ಅಳತೆ ಅದು. ತೋಟ ಕಾಯಲು ಸರಿ, ಹತ್ತರ ವೃತ್ತಕ್ಕಲ್ಲ.

ಹಾಗಾಗಿ ನಾನು ಮೊದಲು ನೋಡಿದ್ದು ರೈಫಲ್ಲನ್ನಲ್ಲ, ರೇಂಜನ್ನು. ಮನೆ ಬಾಣೇರ್. ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣ ಕೂಗಳತೆಯಲ್ಲಿದೆ. ಅಲ್ಲಿ 10, 25, 50 ಮೀಟರ್ ರೇಂಜುಗಳಿವೆ. ವಾರಕ್ಕೆ ನಾಲ್ಕು ದಿನ ಹೋಗಿ ಹೊಡೆಯಲು ಆಗುವ ದೂರ ಯಾವುದೋ ಅದೇ ನನ್ನ ದೂರ. ಅಲ್ಲಿಗೆ 50 ಮೀಟರಿಗೆ ಹೊಡೆಯುವ .22 ಎಂದು ನಿರ್ಧಾರವಾಯಿತು. ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 451.4 ಅಂಕ ಹೊಡೆದು 50 ಮೀಟರ್ ಮೂರು ಭಂಗಿಯಲ್ಲಿ ಕಂಚು ಗೆದ್ದರಲ್ಲ, ಅವರು ಅಭ್ಯಾಸ ಮಾಡಿದ್ದೂ ಇದೇ ಬಾಲೇವಾಡಿಯಲ್ಲಿ. ಅದಾದ ಮೇಲೆ ಏರ್ ರೈಫಲ್ ಲೇನುಗಳಲ್ಲಿ ಮಕ್ಕಳ ಸಂತೆ.

ಏರ್ ರೈಫಲ್ಲಿನಿಂದ ಶುರು ಮಾಡಿ ಎಂದು ಯಾರಿಗಾದರೂ ಹೇಳುತ್ತೇನೆ, ನಾನೂ ಹಾಗೇ ಮಾಡಿದ್ದು. ಹೊಡೆತದ ಶಕ್ತಿ 20 ಜೂಲ್ ಒಳಗಿರುವ 4.5 ಮಿಮೀ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ, ಪೆಲೆಟ್ ಅಗ್ಗ, ಟ್ರಿಗರ್ ಕಲಿಯಲು ಅದಕ್ಕಿಂತ ಕಠಿಣ ಗುರು ಇನ್ನೊಂದಿಲ್ಲ. ಆಮೇಲೆ ಕ್ಲಬ್ಬಿನ .22ಗಳಲ್ಲಿ ಕೈ ಪಳಗಿಸಿಕೊಂಡೆ. ಒಂದು ಹಳೇ ಆನ್‌ಶುಟ್ಸ್, ಒಂದು ಫೈನ್‌ವೆರ್ಕ್‌ಬೌ, ಒಂದು ವಾಲ್ಟರ್. ಮೂರರಲ್ಲಿ ಯಾವುದು ಶ್ರೇಷ್ಠ ಎಂದು ಹುಡುಗರು ಚಹಾ ಕುಡಿಯುತ್ತಾ ಗಂಟೆಗಟ್ಟಲೆ ಜಗಳವಾಡುತ್ತಾರೆ. ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಮೂರೂ ನನಗಿಂತ ಚೆನ್ನಾಗಿ ಹೊಡೆಯುತ್ತವೆ. ನನಗೆ ಮುಖ್ಯವಾದದ್ದು ಸ್ಟಾಕ್, ಅಂದರೆ ಭುಜಕ್ಕೂ ಕೆನ್ನೆಗೂ ಆನಿಸಿಕೊಳ್ಳುವ ರೈಫಲ್ಲಿನ ಹಿಂಭಾಗ.

ನಾನು ಐದಡಿ ಎರಡಂಗುಲ. ಗಿಡ್ಡ ತೋಳು, ಉದ್ದ ಕುತ್ತಿಗೆ. ಹಲವು ಸ್ಟಾಕ್‌ಗಳಲ್ಲಿ ಹಿಂಬದಿಯ ತಟ್ಟೆಯನ್ನು ಪೂರ್ತಿ ಒಳಕ್ಕೆ ತಂದರೂ ನನಗೆ ಉದ್ದವೇ. ಉದ್ದವಾದಾಗ ಏನಾಗುತ್ತದೆಂದರೆ, ಟ್ರಿಗರ್ ಮುಟ್ಟಲು ಬಲ ಮೊಣಕೈ ಚಾಚಿಕೊಳ್ಳುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಹತ್ತು ನಿಮಿಷದಲ್ಲಿ ಕುತ್ತಿಗೆಯ ಸ್ನಾಯು ನಡುಗಲು ಶುರು. ಪರೀಕ್ಷೆ ಸರಳ. ಮ್ಯಾಟ್ ಮೇಲೆ ಮಲಗಿ, ಸ್ಲಿಂಗ್ (ತೋಳಿಗೆ ಕಟ್ಟುವ ಪಟ್ಟಿ) ಬಿಗಿದು, ಕಣ್ಣು ಮುಚ್ಚಿ ಕೆನ್ನೆಯನ್ನು ಕೆನ್ನೆಪಟ್ಟಿಯ ಮೇಲೆ ಇಳಿಬಿಡಬೇಕು. ತಲೆಯ ಭಾರ ಪೂರ್ತಿ ಅದರ ಮೇಲೆ ಬಿದ್ದ ಮೇಲೆ ಕಣ್ಣು ತೆರೆದರೆ ಹಿಂದಿನ ಡಯಾಪ್ಟರಿನ, ಅಂದರೆ ಗುರಿ ನೋಡುವ ಸಾಧನದ ತೂತು, ಮುಂದಿನ ರಿಂಗು, ಕಪ್ಪು ಚುಕ್ಕೆ ಮೂರೂ ಒಂದರೊಳಗೊಂದು ಕೂತಿರಬೇಕು. ಕತ್ತು ಒಂದಿಷ್ಟು ಎತ್ತಿ ಹುಡುಕಬೇಕಾಯಿತೋ, ಆ ರೈಫಲ್ ನಿಮ್ಮ ಮೈಗಲ್ಲ, ಅಥವಾ ಅದನ್ನಿನ್ನೂ ನಿಮ್ಮ ಮೈಗೆ ಹೊಂದಿಸಿಲ್ಲ. ನಾನು ಕೊನೆಗೆ ತೆಗೆದುಕೊಂಡದ್ದು ಎಲ್ಲ ಕಡೆಯೂ ಸ್ಕ್ರೂ ಸಡಿಲಿಸಿ ಹೊಂದಿಸಬಹುದಾದ ಅಲ್ಯೂಮಿನಿಯಂ ಸ್ಟಾಕಿನ ಸೆಕೆಂಡ್‌ಹ್ಯಾಂಡ್ ಆನ್‌ಶುಟ್ಸ್. ನೋಡಲು ಚೆಂದವಿಲ್ಲ. "ಇದೇನು ಆಸ್ಪತ್ರೆ ಸಾಮಾನೇನ?" ಅಂದರು ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ.

ರೈಫಲ್ಲಿಗೆ ಕೊಡುವಷ್ಟೇ ಗಮನ ಗುಂಡಿಗೂ ಕೊಡಬೇಕು. .22ರಲ್ಲಿ ತೋಟೆಯನ್ನು ಮನೆಯಲ್ಲಿ ತುಂಬಿಕೊಳ್ಳುವ ಹಾಗಿಲ್ಲ, ಕಾರ್ಖಾನೆ ಕೊಟ್ಟದ್ದೇ ಗತಿ. ಎಲೇ, ಆರ್‌ಡಬ್ಲ್ಯೂಎಸ್, ಲಾಪುವಾ, ಎಸ್‌ಕೆ, ಯಾವುದೇ ಇರಲಿ, ಡಬ್ಬಿಯ ಮೇಲೆ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಇರುತ್ತದೆ. ಹೆಸರು ಒಂದೇ, ಬೆಲೆ ಒಂದೇ, ಲಾಟ್ ಬೇರೆಯಾದರೆ ನಿಮ್ಮ ನಳಿಗೆಗೆ ಹಿಡಿಸದೇ ಹೋಗಬಹುದು. ಒಂದು ಲಾಟಿನ ಹತ್ತು ಗುಂಡುಗಳನ್ನು ರೆಸ್ಟ್ ಮೇಲಿಟ್ಟು ಹೊಡೆದು ಕಾರ್ಡ್ ತಂದು ನೋಡಿದೆ. ಕ್ಯಾಲಿಪರ್ ಕೈಗೆ ಸಿಗದೆ ಪರ್ಸಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ತೂತುಗಳ ಮೇಲಿಟ್ಟರೆ ಎಲ್ಲವೂ ಮುಚ್ಚಿಹೋದವು. ಅದೇ ಕಂಪನಿಯ ಇನ್ನೊಂದು ಲಾಟ್ ಹೊಡೆದಾಗ ನಾಣ್ಯದ ಸುತ್ತ ಮೂರು ತೂತು ಇಣುಕುತ್ತಿದ್ದವು. ಸಿಕ್ಕ ಒಳ್ಳೇ ಲಾಟನ್ನು ಸೀಸನ್ನಿಗಾಗುವಷ್ಟು ಒಟ್ಟಿಗೇ ಕೊಳ್ಳುವುದು ಇದಕ್ಕೇ.

ಈ ತೋಟೆಗಳ ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗೆ. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಆ ಗೆರೆಯ ಕೆಳಗೆ ಇಳಿಯುವಾಗ ಅಲುಗುತ್ತದೆ. ಆದರೆ ನಿಧಾನದ ಗುಂಡನ್ನು ಗಾಳಿ ತಳ್ಳದೆ ಬಿಡುವುದಿಲ್ಲ. ಮಾರ್ಚ್ ಏಪ್ರಿಲ್ ಮಧ್ಯಾಹ್ನ ಬಾಲೇವಾಡಿಯಲ್ಲಿ ಧ್ವಜ ಅಡ್ಡಡ್ಡ ಹಾರುವಾಗ, ಸೆಕೆಂಡಿಗೆ ನಾಲ್ಕೈದು ಮೀಟರ್ ಗಾಳಿಗೆ ಗುಂಡು 50 ಮೀಟರಿನಲ್ಲೇ ಎರಡು ಸೆಂಟಿಮೀಟರ್ ಸರಿಯುತ್ತದೆ. ಹತ್ತು ಇದ್ದದ್ದು ಎಂಟು. 50ಕ್ಕೆ ಹೊಂದಿಸಿದ ರೈಫಲ್ಲಿನಲ್ಲಿ 100 ಮೀಟರಿಗೆ ಹೊಡೆದರೆ ಗುಂಡು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. "ದೂರದ" ಶೂಟಿಂಗಿನ ಪಾಠವೆಲ್ಲ ಇಷ್ಟರಲ್ಲೇ ಕಲಿಯಬಹುದು, ಭುಜಕ್ಕೆ ಒದೆ ತಿನ್ನದೆ.

ಲೈಸೆನ್ಸಿಗೆ ಪೊಲೀಸ್ ಕಮಿಷನರ್ ಕಚೇರಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಕ್ಲಬ್ಬಿನ ಪತ್ರ, ಠಾಣೆಯ ವಿಚಾರಣೆ. ತಾಳ್ಮೆ ಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದು ಒಂದು ಸಮಾಧಾನ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಕರೆ ಬರುತ್ತದೆ, ಪಂದ್ಯಗಳಿದ್ದರೆ ಕ್ರೀಡಾಪಟುಗಳು ವಿನಾಯಿತಿಗೆ ಅರ್ಜಿ ಹಾಕಿಕೊಳ್ಳಬೇಕು. ಲಿಫ್ಟಿನಲ್ಲಿ ಉದ್ದ ಪೆಟ್ಟಿಗೆ ನೋಡಿ "ಗಿಟಾರ್ ಕ್ಲಾಸಾ?" ಎಂದವರಿಗೆ ನಾನು ಹೂಂ ಎಂದೇ ಬಿಟ್ಟಿದ್ದೇನೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಮಾರುವವರ ಲೈಸೆನ್ಸ್ ಪುಸ್ತಕದಲ್ಲಿನ ನಂಬರನ್ನೂ ರೈಫಲ್ ಮೇಲಿನ ನಂಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಳಿಗೆಯೊಳಗೆ ಬೋರ್‌ಸ್ಕೋಪ್ (ಒಳಭಾಗ ನೋಡುವ ಸಣ್ಣ ದುರ್ಬೀನು) ಹಾಕಿಸಿ ನೋಡಿ, ಮುಖ್ಯವಾಗಿ ತೋಟೆ ಕೂರುವ ಜಾಗದ ಮುಂದಿನ ಅಂಗುಲ ಮತ್ತು ತುದಿಯ ಅಂಚು. ಮಳೆಗಾಲದಲ್ಲಿ ಮುಂಬೈಯಲ್ಲಿ ಇದ್ದ ರೈಫಲ್ ಆದರೆ ಇನ್ನೂ ಎರಡು ಸಲ ನೋಡಿ, ಅಲ್ಲಿನ ಉಪ್ಪುಗಾಳಿ ಡಯಾಪ್ಟರಿನ ಸ್ಕ್ರೂಗಳಿಗೂ ತುಕ್ಕು ಹಿಡಿಸಿರುತ್ತದೆ. ಕೊನೆಗೆ, ನಿಮ್ಮದೇ ಲಾಟಿನ ಗುಂಡು ಒಯ್ದು ಹೊಡೆದು ನೋಡಲು ಬಿಡದವರ ಹತ್ತಿರ ಕೊಳ್ಳಬೇಡಿ.