ಶೇಡಿ ಹಿಡಿದು ಹೋದ ಕಬ್ಬಿಣ

ಜೋರು ಮಳೆಗೆ ಶಾಲೆಗೆ ರಜೆ ಸಿಕ್ಕಿತ್ತು. ಕಾಸರಗೋಡಿನ ಬಾಯಾರಿನ ಮನೆಯಲ್ಲಿ ಅಕ್ಕನ ಮಕ್ಕಳಿಬ್ಬರಿಗೆ ಲುವಾಂಟಿ ಎಂಬ, ನೆಲ ಅಗೆದು ಮನೆ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಒಂದು ಲೋಕ ಕಟ್ಟಿಕೊಟ್ಟೆ. 2024ರವರೆಗೆ ಮೈನ್‌ಟೆಸ್ಟ್ ಅನ್ನುತ್ತಿದ್ದೆವಲ್ಲ, ಅದೇ. ನೆಲದಡಿ ಯಾವ ಅದಿರು ಎಷ್ಟು ಬೇಕೆಂದು ನಾವೇ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕೊಡಬಹುದು.

ಕಬ್ಬಿಣಕ್ಕೆ 6*6*6 ಎಂದು ಬರೆದೆ. ಎಂದರೆ ಸರಾಸರಿ 216 ಕಲ್ಲಿಗೆ ಅದಿರಿನ ಒಂದು ಗೊಂಚಲು. ಸಂಜೆಯೊಳಗೆ ಮಕ್ಕಳ ಪೆಟ್ಟಿಗೆ ತುಂಬಿತು, ಆಟ ಸಪ್ಪೆಯಾಯಿತು. ಮೂರು ಪಾಲು ಕಡಿಮೆ ಮಾಡುವ ಎಂದು 6 ಇದ್ದಲ್ಲೆಲ್ಲ 20 ಹಾಕಿದೆ. ಮರುದಿನ ಸಣ್ಣವನ ದೂರು: "ಮಾವ, ಇದರಲ್ಲಿ ಎಂತ ಸಹ ಇಲ್ಲ."

20*20*20 ಎಂದರೆ 8000. ಮೂರು ಪಾಲಲ್ಲ, 37 ಪಾಲು ಕಡಿಮೆ! ಆಟ ನೆಲವನ್ನು 80*80*80ರ ತುಂಡುಗಳಾಗಿ ಹುಟ್ಟಿಸುತ್ತದೆ. ಅಂಥ ಒಂದು ತುಂಡಿನಲ್ಲಿ ಮೊದಲು ಸುಮಾರು 2370 ಗೊಂಚಲುಗಳಿದ್ದವು, ಈಗ 64. ಅದರಲ್ಲೂ ಗುಹೆಯ ಖಾಲಿ ಜಾಗಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ, ಕಲ್ಲು ಇದ್ದಲ್ಲಿ ಮಾತ್ರ ಅದಿರು ಕೂರುತ್ತದೆ.

10*10*10ಕ್ಕೆ ಇಳಿಸಿದೆ. ಲೆಕ್ಕ ಸರಿಹೋಯಿತು, ಬೇಸರ ಹೋಗಲಿಲ್ಲ. ಎಲ್ಲಿ ಅಗೆದರೂ ಒಂದೇ ಅದೃಷ್ಟ. ಹುಡುಕಲು ಜಾಡೇ ಇಲ್ಲ.

ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ನೆನಪಾದದ್ದು ಆಗ. ಒಬ್ಬ ಬಗ್ಗಿ ನಡೆಯುವಷ್ಟೇ ಅಗಲ, ಒಳಗೆ ಪಿಕ್ಕಾಸಿನ ಗೀರು ಇನ್ನೂ ಕಾಣುತ್ತದೆ. ಮಳೆನೀರು ಮುರಕಲ್ಲಿನೊಳಗೆ, ಅಂದರೆ ಕೆಂಪು ಕಲ್ಲಿನೊಳಗೆ, ಇಳಿದು ಕೆಳಗಿನ ಶೇಡಿ ಎಂಬ ಬಿಳಿ ಜೇಡಿಮಣ್ಣಿನ ಮೇಲೆ ತಡೆದು ನಿಲ್ಲುತ್ತದೆ. "ಶೇಡಿ ಕಂಡರೆ ನೀರು ದೂರ ಇಲ್ಲ" ಎನ್ನುತ್ತಿದ್ದರು ಅಜ್ಜ.

ಆಟದಲ್ಲೂ ಹಾಗೆಯೇ ಮಾಡಿದೆ. ಮೊದಲು 'ಸ್ಟ್ರಾಟಮ್' ಬಗೆಯಲ್ಲಿ ಬಿಳಿ ಮಣ್ಣಿನ ತೆಳು ಪದರ, ಏರಿಳಿಯುವಂತೆ. ಆಮೇಲೆ ಕಬ್ಬಿಣ, ಆದರೆ ಕಲ್ಲಿನಲ್ಲಿ ಅಲ್ಲ, ಆ ಮಣ್ಣಿನಲ್ಲಿ ಮಾತ್ರ. ಬರೆದ ಅನುಕ್ರಮದಲ್ಲೇ ಅದಿರು ಬೀಳುವುದರಿಂದ ಮಣ್ಣು ಮೊದಲಿರಲೇಬೇಕು. ಎಸೆದ ಗೊಂಚಲುಗಳಲ್ಲಿ ಹೆಚ್ಚಿನವು ಪದರದ ಹೊರಗೆ ಬಿದ್ದು ವ್ಯರ್ಥವಾಗುತ್ತವೆ. ಹಾಗಾಗಿ ಇಲ್ಲಿ 5*5*5 ಸಹ ಧಾರಾಳವಲ್ಲ.

ದೊಡ್ಡವನು ಬೇಗ ಹಿಡಿದ. ಬಿಳಿ ಮಣ್ಣು ಸಿಕ್ಕಿದಲ್ಲಿ ನೇರ ಅಗೆಯುವುದು ಬಿಟ್ಟು ಪದರದ ಜೊತೆಗೇ ತಿರುಗಿದ.

ಸಣ್ಣವನದು ಬೇರೆ ಉಪಾಯ. ಹೊಸ ಲೆಕ್ಕ ಹೊಸದಾಗಿ ಹುಟ್ಟುವ ನೆಲಕ್ಕೆ ಮಾತ್ರ, ಮೊದಲೇ ಓಡಾಡಿದ ಜಾಗ ಹಾಗೆಯೇ ಉಳಿಯುತ್ತದೆ. ಅವನೀಗ ಮೊದಲ ದಿನ ಕಟ್ಟಿದ ಮನೆಯ ಅಡಿಯನ್ನೇ ಅಗೆಯುತ್ತಿದ್ದಾನೆ.